ನಕ್ಷತ್ರಗಳ ಭ್ರಮಣವನ್ನು ಅಳೆಯುವ ಬಗೆ

ಭೂಮಿ ತನ್ನ ಅಕ್ಷದ ಮೇಲೆ ದಿನಕ್ಕೊಮ್ಮೆ ಸುತ್ತುತ್ತದೆಂಬುದನ್ನು ಇಂದು ಪ್ರಾಥಮಿಕ ಶಾಲೆಯ ಮಗುವೂ ಬಲ್ಲದು. ಸೂರ್ಯನೂ ಹಾಗೆಯೇ ಸುತ್ತುತ್ತಾನೆಂಬ ಸಂಗತಿಯನ್ನು ತಿಳಿದವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ರಾತ್ರಿ ಅಂಗಳಕ್ಕೆ ಬಂದು ತಲೆಯೆತ್ತಿದಾಗ ಕಾಣುವ ನಕ್ಷತ್ರಗಳ ಮಾತೇನು? ಅವೂ ಸುತ್ತುತ್ತವೆಯೆ? ಸುತ್ತುವುದಾದರೆ ಎಷ್ಟು ವೇಗವಾಗಿ? ಇಷ್ಟು ದೂರದಲ್ಲಿ ಕುಳಿತ ನಾವು ಅದನ್ನು ಅಳೆದು ಹೇಳುವುದು ಹೇಗೆ? ನಕ್ಷತ್ರಗಳು ಪೂರ್ವದಲ್ಲಿ ಮೂಡಿ ಪಶ್ಚಿಮದಲ್ಲಿ ಮುಳುಗುವುದು ನಮ್ಮ ಭೂಮಿಯ ಸುತ್ತುವಿಕೆಯ ಫಲ. ಅದು ಇಲ್ಲಿನ ವಿಷಯವಲ್ಲ. ಒಂದೊಂದು ನಕ್ಷತ್ರವೂ ಬುಗುರಿಯಂತೆ ತನ್ನ ಅಕ್ಷದ ಮೇಲೆ ತಾನೇ ಸುತ್ತುತ್ತದಲ್ಲ, ಆ ಭ್ರಮಣವನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಸೂರ್ಯನ ವಿಷಯದಲ್ಲಿ ಹೆಚ್ಚಿನ ಕಷ್ಟವಿಲ್ಲ. ಅವನ ಬಿಂಬದ ಮೇಲೆ ಕಲೆಗಳಿವೆ. ಅವು ಒಂದು ಅಂಚಿನಲ್ಲಿ ಮೂಡಿ, ಬಿಂಬವನ್ನು ಅಡ್ಡಹಾಯ್ದು, ಇನ್ನೊಂದು ಅಂಚಿನಲ್ಲಿ ಮರೆಯಾಗುತ್ತವೆ. ಇದನ್ನು ಕಂಡ ಯೊಹಾನೆಸ್ ಫ್ಯಾಬ್ರೀಷಿಯಸ್ ಎಂಬಾತನು 1611ರಲ್ಲಿಯೇ ಸೂರ್ಯನು ಸುತ್ತುತ್ತಿರಬೇಕೆಂದು ಬರೆದನು. ಗೆಲಿಲಿಯೋ ಸಹ ಅದೇ ನಿರ್ಣಯಕ್ಕೆ ಬಂದನು. ಸೂರ್ಯನ ಸಮಭಾಜಕ ವೃತ್ತದ ಬಳಿಯ ಭಾಗ ಧ್ರುವಗಳ ಕಡೆಯ ಭಾಗಕ್ಕಿಂತ ಬೇಗ ಸುತ್ತುತ್ತದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಇದೇ ಕಲೆಗಳಿಂದ ಕಂಡುಹಿಡಿದನು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದ ಕೊಡೈಕನಾಲಿನ ವೇಧಶಾಲೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಂದ ತೆಗೆದಿಟ್ಟ ಸೂರ್ಯಬಿಂಬದ ಛಾಯಾಚಿತ್ರಗಳಿವೆ. ಅವುಗಳಿಂದಲೂ ವಿದ್ವಾಂಸರು ಸೂರ್ಯನ ಭ್ರಮಣವನ್ನು ಲೆಕ್ಕಹಾಕಿದ್ದಾರೆ. ಸಮಭಾಜಕದಲ್ಲಿ ಸೂರ್ಯನ ಸುತ್ತಳತೆ ಸುಮಾರು 43 ಲಕ್ಷ 70 ಸಾವಿರ ಕಿಲೋಮೀಟರು. ಅಲ್ಲಿ ಒಂದು ಸುತ್ತಿಗೆ ಸುಮಾರು 25 ದಿನ. ಭಾಗಿಸಿ ನೋಡಿದರೆ ಸೆಕೆಂಡಿಗೆ ಎರಡು ಕಿಲೋಮೀಟರು ಬರುತ್ತದೆ. ಈ ಎರಡು ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಪ್ರಯೋಜನವಿದೆ.

ಆದರೆ ಉಳಿದ ನಕ್ಷತ್ರಗಳ ಮೈಮೇಲಿನ ಕಲೆಗಳನ್ನು ಹೀಗೆ ಕಂಡು ಎಣಿಸುವಂತಿಲ್ಲ. ಅವು ಅಷ್ಟು ದೂರದಲ್ಲಿವೆ. ನಮ್ಮ ಪಂಚಾಂಗದಲ್ಲಿ ಶ್ರವಣವೆಂದು ಹೆಸರಾದ ನಕ್ಷತ್ರವನ್ನೇ ತೆಗೆದುಕೊಳ್ಳಿ. ಅದು ನಮಗೆ ತೀರ ಹತ್ತಿರದ ನೆರೆಯವುಗಳಲ್ಲಿ ಒಂದು; ಅದರ ಬೆಳಕು ನಮ್ಮನ್ನು ಮುಟ್ಟಲು ಹದಿನೇಳು ವರ್ಷ ಸಾಕು. ಅದು ಸೂರ್ಯನಿಗಿಂತ ದೊಡ್ಡದು ಕೂಡ. ಆದರೂ ಅದರ ಬಿಂಬ ನಮಗೆ ತೋರುವ ಗಾತ್ರವೆಷ್ಟು? ದೆಹಲಿಯಲ್ಲಿ ಎತ್ತಿ ಹಿಡಿದ ಒಂದು ರೂಪಾಯಿ ನಾಣ್ಯ ಬೆಂಗಳೂರಿನಲ್ಲಿ ನಿಂತವನಿಗೆ ಎಷ್ಟು ದೊಡ್ಡದಾಗಿ ಕಂಡೀತೋ ಹೆಚ್ಚುಕಡಮೆ ಅಷ್ಟು! ಸಾಮಾನ್ಯವಾದ ಯಾವ ದೂರದರ್ಶಕದಲ್ಲಿಯೂ ಅದು ಬರಿಯ ಬೆಳಕಿನ ಬಿಂದು. ಬಿಂದುವಿಗೆ ಎಡವಿಲ್ಲ, ಬಲವಿಲ್ಲ. ಎಡಬಲವಿಲ್ಲದ ವಸ್ತು ಸುತ್ತುತ್ತಿದೆಯೋ ನಿಂತಿದೆಯೋ ಎಂದು ನೋಡಿ ಹೇಳುವುದೆಂತು?

ನಮ್ಮ ಹಿಂದಿನ ತಾರ್ಕಿಕರು ಜ್ಞಾನಕ್ಕೆ ಸಾಧನವಾದ ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷದ ಮಗ್ಗುಲಲ್ಲಿಯೇ ಅನುಮಾನವನ್ನು ಇಟ್ಟರು. ಇಲ್ಲಿ ಅನುಮಾನವೆಂದರೆ ಸಂದೇಹವಲ್ಲ. ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿಯುತ್ತೇವೆ. ಇದು ಅವರು ಕೊಡುತ್ತಿದ್ದ ಉದಾಹರಣೆ. ನಕ್ಷತ್ರದ ಭ್ರಮಣ ಎಂಬ ಕಾಣದ ಬೆಂಕಿಗೆ ಹೊಗೆ ಯಾವುದು? ಆ ನಕ್ಷತ್ರದ ಬೆಳಕಿನಲ್ಲಿರುವ ಕಪ್ಪು ಗೆರೆಗಳೇ ಆ ಹೊಗೆ.

ಈ ಗೆರೆಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೂರ್ಯನ ಬೆಳಕನ್ನು ಮೂರು ಮುಖದ ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಅದು ಕೆಂಪಿನಿಂದ ನೇರಿಳೆಯವರೆಗೆ ಬಣ್ಣಬಣ್ಣದ ಪಟ್ಟಿಯಾಗಿ ಹರಡುತ್ತದೆ. ಇದಕ್ಕೆ ವರ್ಣಪಟಲವೆಂದು ಹೆಸರು. ಬವೇರಿಯಾದಲ್ಲಿ ಗಾಜಿನ ಕೆಲಸದಲ್ಲಿ ಹೆಸರಾಗಿದ್ದ ಯೋಸೆಫ್ ಫ್ರೌನ್‌ಹೋಫರನು 1814ರಲ್ಲಿ ಈ ಪಟ್ಟಿಯನ್ನು ಬಹಳ ನಯವಾಗಿ ಬಿಡಿಸಿ ನೋಡಿದಾಗ ಅದರಲ್ಲಿ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳು ಕಂಡುಬಂದವು. 1859ರಲ್ಲಿ ಹೈಡೆಲ್‌ಬರ್ಗಿನ ಕಿರ್ಕಾಫ್ ಮತ್ತು ಬುನ್ಸೆನ್ ಎಂಬಿಬ್ಬರು ಅವುಗಳ ಗುಟ್ಟನ್ನು ಬಯಲುಮಾಡಿದರು. ಅನ್ನದ ಪಾತ್ರೆಯಿಂದ ಉಪ್ಪುನೀರು ಉಕ್ಕಿ ಒಲೆಯ ಉರಿಗೆ ಬಿದ್ದಾಗ ಉರಿ ಹಳದಿಯಾಗುವುದನ್ನು ಗೃಹಿಣಿಯರೆಲ್ಲ ಕಂಡಿರುತ್ತಾರೆ. ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂ ಎಂಬ ಧಾತುವಿನದು. ಅದೇ ಸೋಡಿಯಂ ಸೂರ್ಯನ ಹೊರಪದರದಲ್ಲಿ ಅನಿಲವಾಗಿದ್ದು, ಒಳಗಿನಿಂದ ಬರುವ ಬೆಳಕಿನಲ್ಲಿ ಸರಿಯಾಗಿ ಅದೇ ಹಳದಿಯನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡ ಎಡೆಯಲ್ಲಿ ಕಪ್ಪು ಗೆರೆ ಉಳಿಯುತ್ತದೆ. ಹೈಡ್ರೋಜನ್, ಕಬ್ಬಿಣ, ಮೆಗ್ನೀಸಿಯಂ ಹೀಗೆ ಒಂದೊಂದು ಧಾತುವಿಗೂ ಅದರದೇ ಆದ ಗೆರೆಗಳುಂಟು. ಮನೆಯ ರೇಡಿಯೋದ ಮುಖದ ಮೇಲೆ ಒಂದೊಂದು ನಿಲಯಕ್ಕೂ ಒಂದೊಂದು ಸ್ಥಾನವಿರುವಂತೆ, ವರ್ಣಪಟಲದ ಮೇಲೆ ಒಂದೊಂದು ಧಾತುವಿಗೂ ಗೊತ್ತಾದ ಸ್ಥಾನಗಳಿವೆ.

ರೇಡಿಯೋದ ಹೋಲಿಕೆ ಇಲ್ಲಿ ಬರಿಯ ಅಲಂಕಾರವಲ್ಲ. ರೇಡಿಯೋ ಅಲೆಯೂ ಬೆಳಕಿನ ಅಲೆಯೂ ಒಂದೇ ಜಾತಿಯವು. ವ್ಯತ್ಯಾಸವಿರುವುದು ಅಲೆಯ ಉದ್ದದಲ್ಲಿ ಮಾತ್ರ. ಮಧ್ಯಮ ತರಂಗದ ಪ್ರಸಾರದ ಅಲೆ ನೂರಾರು ಮೀಟರು ಉದ್ದದ್ದು. ಬೆಳಕಿನ ಅಲೆಯನ್ನು ಅಳೆಯಲು ಆಂಗ್‌ಸ್ಟ್ರಾಂ ಎಂಬ ಮಾನ ಬೇಕಾಗುತ್ತದೆ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಂ. ಸೋಡಿಯಂ ಧಾತುವಿನ ಹಳದಿ ಗೆರೆಗಳು ಎರಡು; ಒಂದರ ಅಲೆಯುದ್ದ 5,890 ಆಂಗ್‌ಸ್ಟ್ರಾಂ, ಇನ್ನೊಂದರದು 5,896.

ಇನ್ನು ಎರಡನೆಯ ಸಂಗತಿ. ರೈಲ್ವೆ ಗೇಟಿನ ಬಳಿ ನಿಂತಿದ್ದೇವೆ. ಸಿಳ್ಳು ಹಾಕುತ್ತ ಗಾಡಿ ಬರುತ್ತದೆ. ಅದು ನಮ್ಮ ಕಡೆಗೆ ಬರುವಾಗ ಸಿಳ್ಳಿನ ಸ್ವರ ಏರಿದಂತೆಯೂ, ನಮ್ಮನ್ನು ದಾಟಿ ಹೋಗುತ್ತಲೇ ಇಳಿದಂತೆಯೂ ಕೇಳುತ್ತದೆ. ಬರುವಾಗ ಅಲೆಗಳು ಒತ್ತಾಗುತ್ತವೆ, ಹೋಗುವಾಗ ಬಿಡಿಯಾಗುತ್ತವೆ. ಈ ತತ್ತ್ವವನ್ನು 1842ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರನು ಮಂಡಿಸಿದನು. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ರೈಲುಗಾಡಿಯಲ್ಲಿ ಕಹಳೆ ಊದುವವರನ್ನು ಕೂರಿಸಿ, ಹಾದಿಯ ಬದಿಯಲ್ಲಿ ಸ್ವರಜ್ಞಾನವುಳ್ಳವರನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಿದನು. ಬೆಳಕಿಗೂ ಇದೇ ನಿಯಮ. ಬೆಳಕಿನ ಮೂಲ ನಮ್ಮ ಕಡೆಗೆ ಬರುತ್ತಿದ್ದರೆ ಗೆರೆಗಳು ನೇರಿಳೆಯ ಕಡೆಗೆ ಸರಿಯುತ್ತವೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ. ಎಷ್ಟು ಸರಿಯುತ್ತವೆ? ಮೂಲದ ವೇಗ ಬೆಳಕಿನ ವೇಗದಲ್ಲಿ ಎಷ್ಟನೆಯ ಪಾಲೋ, ಅಲೆಯುದ್ದದಲ್ಲಿ ಅಷ್ಟನೆಯ ಪಾಲು. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಆದುದರಿಂದ ಮುನ್ನೂರು ಕಿಲೋಮೀಟರು ವೇಗಕ್ಕೆ ಸಾವಿರದಲ್ಲಿ ಒಂದು ಪಾಲು ಸರಿತ.

ಈಗ ಇವೆರಡನ್ನೂ ಕೂಡಿಸೋಣ. ಸುತ್ತುವ ಗೋಳದ ಒಂದು ಅಂಚು ನಮ್ಮ ಕಡೆಗೆ ಬರುತ್ತಿರುತ್ತದೆ, ಎದುರಿನ ಅಂಚು ನಮ್ಮಿಂದ ದೂರ ಸರಿಯುತ್ತಿರುತ್ತದೆ, ನಡುವಿನ ಭಾಗ ಅಡ್ಡಲಾಗಿ ಚಲಿಸುತ್ತಿರುತ್ತದೆ. ಸೂರ್ಯನ ಬಿಂಬ ದೊಡ್ಡದಾಗಿ ಕಾಣುವುದರಿಂದ ಒಂದೊಂದು ಅಂಚಿನ ಬೆಳಕನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದು. ಜರ್ಮನಿಯ ಹರ್ಮನ್ ಫೋಗೆಲನು 1871ರಲ್ಲಿ ಹಾಗೆಯೇ ಮಾಡಿ, ಕಲೆಗಳು ತೋರಿಸಿದ ಭ್ರಮಣವನ್ನೇ ಗೆರೆಗಳೂ ತೋರಿಸುತ್ತವೆಂದು ಕಂಡನು. ನಕ್ಷತ್ರದಲ್ಲಾದರೋ ಎರಡು ಅಂಚಿನ ಬೆಳಕೂ ನಡುವಿನ ಬೆಳಕೂ ಒಂದೇ ಬಿಂದುವಾಗಿ ಬೆರೆತು ಬರುತ್ತವೆ. ಒಂದಂಚಿನ ಗೆರೆ ನೇರಿಳೆಯ ಕಡೆಗೆ ಸರಿದಿದೆ, ಇನ್ನೊಂದರದು ಕೆಂಪಿನ ಕಡೆಗೆ, ನಡುವಿನದು ಸ್ವಸ್ಥಾನದಲ್ಲಿದೆ. ಎಲ್ಲವೂ ಒಂದರ ಪಕ್ಕದಲ್ಲೊಂದು ಬಿದ್ದಾಗ ಆಗುವುದೇನು? ಸೂಜಿಯಂತಿರಬೇಕಾದ ಗೆರೆ ಅಗಲವಾಗುತ್ತದೆ. ಒದ್ದೆ ಕಾಗದದ ಮೇಲೆ ಎಳೆದ ಮಸಿಗೆರೆಯಂತೆ ಅದು ಹರಡಿಕೊಳ್ಳುತ್ತದೆ. ಮಸಿ ಮೊದಲಿನಷ್ಟೇ, ಹರಡಿದಷ್ಟೂ ತೆಳು. ಹಾಗೆಯೇ ಗೆರೆ ಅಗಲವಾದಷ್ಟೂ ಅದರ ಕಪ್ಪು ತಿಳಿಯಾಗುತ್ತದೆ. ಸೆಕೆಂಡಿಗೆ ಮುನ್ನೂರು ಕಿಲೋಮೀಟರು ವೇಗದಲ್ಲಿ ಸುತ್ತುವ ನಕ್ಷತ್ರದಲ್ಲಿ 5,890ರ ಗೆರೆ ಎರಡು ಪಕ್ಕಕ್ಕೂ ಸುಮಾರು ಆರಾರು ಆಂಗ್‌ಸ್ಟ್ರಾಂ ಹರಡೀತು. ಸೋಡಿಯಂ ಜೋಡಿಯಷ್ಟು ಹತ್ತಿರವಿರುವ ಎರಡು ಗೆರೆಗಳು ಅಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಸೂರ್ಯನಂತೆ ಎರಡೇ ಕಿಲೋಮೀಟರು ವೇಗವಾದರೆ ಹರವು ಒಂದು ಆಂಗ್‌ಸ್ಟ್ರಾಂನ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ.

ಗೆರೆಯ ಅಗಲದಿಂದ ನಕ್ಷತ್ರದ ಭ್ರಮಣವನ್ನು ಅಳೆಯಬಹುದೆಂದು 1877ರಲ್ಲಿ ಮೊದಲು ಸೂಚಿಸಿದವನು ಇಂಗ್ಲೆಂಡಿನ ವಿಲಿಯಂ ಆಬ್ನಿ. ಅವನು ಸೈನ್ಯದ ಎಂಜಿನಿಯರ್ ದಳದ ಅಧಿಕಾರಿ, ಛಾಯಾಗ್ರಹಣದಲ್ಲಿ ನಿಷ್ಣಾತ. ಸೂಚನೆ ಸರಳವಾಗಿತ್ತು, ಸರಿಯಾಗಿಯೂ ಇತ್ತು. ಆದರೂ ಅದು ಕೂಡಲೆ ಅಂಗೀಕಾರವಾಗಲಿಲ್ಲ. ಸೂರ್ಯನಲ್ಲಿ ಇದೇ ವಿಧಾನವನ್ನು ಪ್ರಯೋಗಿಸಿದ್ದ ಫೋಗೆಲನೇ ಆಕ್ಷೇಪವೆತ್ತಿದನು. ಕೆಲವು ನಕ್ಷತ್ರಗಳಲ್ಲಿ ಹೈಡ್ರೋಜನ್ ಗೆರೆಗಳು ಬಹು ಅಗಲವಾಗಿವೆ, ಅದೇ ನಕ್ಷತ್ರದ ಬೇರೆ ಗೆರೆಗಳು ಸಪುರವಾಗಿಯೇ ಇವೆ. ನಕ್ಷತ್ರದ ಮೈಯೆಲ್ಲ ಒಟ್ಟಿಗೆ ಸುತ್ತುವಾಗ ಒಂದು ಧಾತುವಿನ ಗೆರೆ ಹರಡಿ ಇನ್ನೊಂದರದು ಹರಡದಿರುವುದು ಹೇಗೆ?

ಈ ಆಕ್ಷೇಪವನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಬೆಟ್ಟದ ಮೇಲೆ ಕಂಡದ್ದು ಹೊಗೆಯೋ, ಬೆಳಗಿನ ಮಂಜೋ ಎಂದು ಕೇಳುವುದು ತಾರ್ಕಿಕನ ಧರ್ಮ. ಗೆರೆ ಅಗಲವಾಗಲು ಬೇರೆ ಕಾರಣಗಳೂ ಉಂಟು. ಅನಿಲ ಒತ್ತಾಗಿದ್ದರೆ ಪರಮಾಣುಗಳು ಒಂದನ್ನೊಂದು ಕಲಕುತ್ತವೆ. ವಿದ್ಯುತ್ಕಣಗಳ ನಡುವೆ ಸಿಕ್ಕಿದ ಹೈಡ್ರೋಜನಿನ ಗೆರೆಗಳಂತೂ ವಿಶೇಷವಾಗಿ ಹರಡುತ್ತವೆ. ಅನಿಲದ ಶಾಖವೂ ಗೆರೆಯನ್ನು ಸ್ವಲ್ಪ ಅಗಲಿಸುತ್ತದೆ. ಫೋಗೆಲನು ಕಂಡದ್ದು ಹೈಡ್ರೋಜನಿನ ಈ ಸ್ವಭಾವವನ್ನೇ. ಅದಕ್ಕೆ ಕಾರಣವಾದ ವಿದ್ಯುತ್ತಿನ ಪರಿಣಾಮ ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ. ಆದುದರಿಂದ ಅಗಲವಾದ ಗೆರೆಗೆ ಭ್ರಮಣವೇ ಕಾರಣವೆನ್ನಲು ಬೇರೊಂದು ಸಾಕ್ಷಿ ಬೇಕಾಯಿತು.

ಆ ಸಾಕ್ಷಿ ದೊರೆತದ್ದು ಗ್ರಹಣದಿಂದ. ಆಕಾಶದಲ್ಲಿ ಜೋಡಿ ನಕ್ಷತ್ರಗಳಿವೆ; ಎರಡೂ ಒಂದನ್ನೊಂದು ಸುತ್ತುತ್ತಿರುತ್ತವೆ. ಕೆಲವು ಜೋಡಿಗಳಲ್ಲಿ ಮಂದವಾದ ನಕ್ಷತ್ರ ಪ್ರಕಾಶಮಾನವಾದದ್ದರ ಮುಂದೆ ಹಾದು ಅದಕ್ಕೆ ಗ್ರಹಣ ಹಿಡಿಸುತ್ತದೆ. ಪ್ರಕಾಶಮಾನವಾದ ನಕ್ಷತ್ರ ಭ್ರಮಿಸುತ್ತಿದ್ದರೆ ಗ್ರಹಣದ ಆರಂಭದಲ್ಲಿ ಮರೆಯಾಗುವುದು ನಮ್ಮ ಕಡೆಗೆ ಬರುತ್ತಿರುವ ಅಂಚು. ಉಳಿದ ಬೆಳಕಿನಲ್ಲಿ ದೂರ ಸರಿಯುವ ಅಂಚಿನ ಪಾಲು ಹೆಚ್ಚು. ಗೆರೆಗಳು ಕೆಂಪಿನ ಕಡೆಗೆ ವಾಲುತ್ತವೆ. ಗ್ರಹಣ ಬಿಡುವ ಹೊತ್ತಿಗೆ ಮರೆಯಾಗಿರುವುದು ಇನ್ನೊಂದು ಅಂಚು. ಆಗ ಗೆರೆಗಳು ನೇರಿಳೆಯ ಕಡೆಗೆ ವಾಲುತ್ತವೆ. ಭ್ರಮಣವಿಲ್ಲದ ನಕ್ಷತ್ರದಲ್ಲಿ ಹೀಗೆ ಮೊದಲು ಒಂದು ಕಡೆಗೂ ಆಮೇಲೆ ಇನ್ನೊಂದು ಕಡೆಗೂ ವಾಲುವುದಕ್ಕೆ ಕಾರಣವೇ ಇಲ್ಲ. ತುಲಾರಾಶಿಯಲ್ಲಿರುವ ಇಂಥ ಒಂದು ಜೋಡಿಯಲ್ಲಿ ಅಮೆರಿಕದ ಫ್ರ್ಯಾಂಕ್ ಶ್ಲೆಸಿಂಜರ್ 1909ರಲ್ಲಿ ಈ ವಾಲಾಟವನ್ನು ಕಂಡನು. 1924ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ರಾಸಿಟರ್ ಮತ್ತು ಮೆಕ್‌ಲಾಫ್ಲಿನ್ ಎಂಬಿಬ್ಬರು ಬೇರೆ ಎರಡು ಜೋಡಿಗಳಲ್ಲಿ ಅದನ್ನು ಸಂದೇಹಕ್ಕೆಡೆಯಿಲ್ಲದಂತೆ ಅಳೆದರು. ಅವುಗಳಲ್ಲಿ ಒಂದು, ಮೂರು ದಿನಕ್ಕೆ ಸ್ವಲ್ಪ ಕಡಮೆ ಅವಧಿಗೊಮ್ಮೆ ಮಂಕಾಗುವ ಆಲ್ಗಾಲ್ ಎಂಬ ಪ್ರಸಿದ್ಧ ನಕ್ಷತ್ರ. ನಕ್ಷತ್ರಗಳು ಸುತ್ತುತ್ತವೆಂಬುದು ಹೀಗೆ ಸಿದ್ಧವಾಯಿತು.

ಆದರೆ ಗ್ರಹಣ ಹಿಡಿಯುವ ಜೋಡಿಗಳು ಕೆಲವೇ. ಒಂಟಿ ನಕ್ಷತ್ರಗಳಿಗೂ ಒಪ್ಪುವ ವಿಧಾನ ಬೇಕಲ್ಲ? 1929ರಲ್ಲಿ ಇಬ್ಬರು ವಿದ್ವಾಂಸರು ಕೂಡಿ ಬರೆದ ಒಂದು ಲೇಖನ ಅದಕ್ಕೆ ಹಾದಿಮಾಡಿತು. ಒಬ್ಬರು ಕ್ರಿಮಿಯಾದ ಸಿಮೇಯಿಜ್ ವೇಧಶಾಲೆಯ ಗ್ರಿಗೊರಿ ಶಾಯ್ನ್. ಇನ್ನೊಬ್ಬರು ಅಮೆರಿಕದ ಯರ್ಕೀಸ್ ವೇಧಶಾಲೆಯ ಆಟೋ ಸ್ಟ್ರೂವೆ. ತಲೆತಲಾಂತರದಿಂದ ಖಗೋಳಶಾಸ್ತ್ರವನ್ನೇ ನಡೆಸಿಕೊಂಡು ಬಂದ ಮನೆತನದವರು, ರಷ್ಯದ ಅಂತರ್ಯುದ್ಧದ ತರುವಾಯ ದೇಶ ಬಿಟ್ಟು 1921ರಲ್ಲಿ ಅಮೆರಿಕಕ್ಕೆ ಬಂದವರು. ಒಂದು ಸಮುದ್ರ, ಒಂದು ಖಂಡ, ಒಂದು ರಾಜಕೀಯ ಕ್ರಾಂತಿ ನಡುವೆ ಇದ್ದರೂ ಇಬ್ಬರೂ ಒಂದೇ ಪ್ರಶ್ನೆಯನ್ನು ಹಿಡಿದು ಒಟ್ಟಿಗೆ ದುಡಿದರೆಂಬುದು ಸ್ಮರಣೀಯ.

ಅವರೂ ಅವರ ಜತೆಗಾರರೂ ಮಂಜನ್ನೂ ಹೊಗೆಯನ್ನೂ ಬೇರ್ಪಡಿಸಿದ ಲಕ್ಷಣಗಳು ಎರಡು. ಮೊದಲನೆಯದು, ಭ್ರಮಣ ಯಾವ ಧಾತುವಿಗೂ ಪಕ್ಷಪಾತ ಮಾಡುವುದಿಲ್ಲ. ಎಲ್ಲ ಗೆರೆಗಳನ್ನೂ ಅವುಗಳ ಅಲೆಯುದ್ದಕ್ಕೆ ತಕ್ಕಂತೆ ಹರಡುತ್ತದೆ. ಒತ್ತಡದಿಂದ ಹರಡಿದರೆ ಹೈಡ್ರೋಜನ್ ಗೆರೆಗಳು ಒಂದು ಬಗೆ, ಲೋಹಗಳ ಗೆರೆಗಳು ಇನ್ನೊಂದು ಬಗೆ. ಆದಕಾರಣ ಅವರು ಹೈಡ್ರೋಜನನ್ನು ಬದಿಗಿಟ್ಟು, ಮೆಗ್ನೀಸಿಯಂ ಧಾತುವಿನ 4,481ನೆಯ ಗೆರೆಯಂಥದನ್ನು ಆರಿಸಿಕೊಂಡರು. ಎರಡನೆಯದು ಗೆರೆಯ ಆಕಾರ. ನಕ್ಷತ್ರದ ಬಿಂಬವನ್ನು ಅದರ ಅಕ್ಷಕ್ಕೆ ಸಮನಾಗಿ ಉದ್ದುದ್ದ ಪಟ್ಟಿಗಳಾಗಿ ಸೀಳಿದೆವೆಂದು ಭಾವಿಸಿ. ಒಂದು ಪಟ್ಟಿಯ ಮೇಲಿನ ಭಾಗವೆಲ್ಲ ನಮ್ಮ ಕಡೆಗೆ ಒಂದೇ ವೇಗದಲ್ಲಿ ಚಲಿಸುತ್ತದೆ. ನಡುವಿನ ಪಟ್ಟಿ ಉದ್ದ, ಅದರ ಪಾಲು ಹೆಚ್ಚು. ಅಂಚಿನ ಪಟ್ಟಿ ಗಿಡ್ಡ, ಅದರ ಪಾಲು ಕಡಮೆ. ಆದುದರಿಂದ ಹರಡಿದ ಗೆರೆ ನಡುವೆ ಆಳವಾಗಿ, ಅಂಚಿಗೆ ಬರುಬರುತ್ತ ಮೇಲೇರಿ, ಊಟದ ತಟ್ಟೆಯ ಅಡ್ಡಸೀಳಿನಂತೆ ಇರಬೇಕು. ಒತ್ತಡದಿಂದ ಹರಡಿದ ಗೆರೆಯಾದರೋ ನಡುವೆ ಚೂಪಾಗಿದ್ದು ಎರಡೂ ಪಕ್ಕಕ್ಕೆ ಉದ್ದವಾದ ರೆಕ್ಕೆಗಳನ್ನು ಚಾಚಿರುತ್ತದೆ. ಸಪುರ ಗೆರೆಯ ಒಂದು ನಕ್ಷತ್ರವನ್ನು ಮಾದರಿಯಾಗಿಟ್ಟುಕೊಂಡು, ಅದು ನೂರು, ಇನ್ನೂರು, ಮುನ್ನೂರು ಕಿಲೋಮೀಟರು ವೇಗದಲ್ಲಿ ಸುತ್ತಿದ್ದರೆ ಅದರ ಗೆರೆ ಹೇಗಿರುತ್ತಿತ್ತೆಂದು ಕಾಗದದ ಮೇಲೆ ಲೆಕ್ಕಹಾಕಿ, ಅಗಲ ಗೆರೆಯ ನಕ್ಷತ್ರದೊಂದಿಗೆ ಹೋಲಿಸಿ ನೋಡಿದರು. ತಟ್ಟೆಯ ಆಕಾರ ಚೆನ್ನಾಗಿ ಹೊಂದಿಕೊಂಡಿತು.

ಹೀಗೆ ಅಳೆದಾಗ ದೊರೆತ ಸಂಖ್ಯೆಗಳು ಬೆರಗುಗೊಳಿಸುವಂಥವು. ಸಿಂಹರಾಶಿಯ ಮಘಾ ನಕ್ಷತ್ರದ ಸಮಭಾಜಕ ಸೆಕೆಂಡಿಗೆ 300 ಕಿಲೋಮೀಟರನ್ನು ಮೀರಿ ಸುತ್ತುತ್ತದೆ. ನಮ್ಮ ಸೂರ್ಯನಿಗಿಂತ ಎಷ್ಟೋ ದೊಡ್ಡದಾದ ಆ ಗೋಳ ಹದಿನಾರು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತದೆ. ಶ್ರವಣಕ್ಕೆ ಹತ್ತು ಗಂಟೆಯೂ ಬೇಡ. ನೆರೆಯ ಒಂದು ತಾರಾಗಣದಲ್ಲಿ 2011ರಲ್ಲಿ ಗುರುತಿಸಿದ ಒಂದು ನಕ್ಷತ್ರದ ವೇಗವಂತೂ ಸೆಕೆಂಡಿಗೆ ಸುಮಾರು 600 ಕಿಲೋಮೀಟರು! ಇಷ್ಟು ವೇಗವಾಗಿ ಸುತ್ತುವ ಅನಿಲದ ಗೋಳ ಉರುಟಾಗಿ ಉಳಿಯಲಾರದು. ನಡುವೆ ಉಬ್ಬಿ ಮೇಲೆ ಕೆಳಗೆ ಚಪ್ಪಟೆಯಾಗಬೇಕು. ಆಗಿದೆಯೆ? ಅನೇಕ ದೂರದರ್ಶಕಗಳ ಬೆಳಕನ್ನು ಒಂದುಗೂಡಿಸಿ ನೋಡುವ ಯಂತ್ರಗಳು ಬಂದ ಮೇಲೆ ಇದನ್ನೂ ಪರೀಕ್ಷಿಸಿದರು. 2001ರಲ್ಲಿ ಶ್ರವಣದ ಬಿಂಬ ಅಂಡಾಕಾರವಾಗಿದೆಯೆಂದು ತಿಳಿದುಬಂದಿತು. 2005ರಲ್ಲಿ ಮಘಾ ನಕ್ಷತ್ರದ ಸಮಭಾಜಕದ ವ್ಯಾಸ ಧ್ರುವದ ವ್ಯಾಸಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಹೆಚ್ಚೆಂದು ಗೊತ್ತಾಯಿತು. 2007ರಲ್ಲಿ ಶ್ರವಣದ ಮೈಯ ಚಿತ್ರವೇ ಪ್ರಕಟವಾಯಿತು. ಗೆರೆಗಳಿಂದ ಅನುಮಾನಿಸಿದ್ದು ಹೀಗೆ ಹಲವು ದಶಕಗಳ ಬಳಿಕ ಪ್ರತ್ಯಕ್ಷಕ್ಕೂ ಬಂದಿತು.

ಇನ್ನು ಈ ಅಳತೆಯ ಒಂದು ಮಿತಿಯನ್ನು ಹೇಳದಿದ್ದರೆ ವಿಷಯ ಅರ್ಧವಾದೀತು. ಗೆರೆ ಹರಡುವುದು ನಮ್ಮ ಕಡೆಗೆ ಬರುವ ಮತ್ತು ನಮ್ಮಿಂದ ಹೋಗುವ ಚಲನೆಯಿಂದ ಮಾತ್ರ. ಬೀಸುವ ಕಲ್ಲನ್ನು ಪಕ್ಕದಲ್ಲಿ ಕುಳಿತು ನೋಡಿದರೆ ಅದರ ಅಂಚು ನಮ್ಮತ್ತ ಬಂದು ಹೋಗುವುದು ಕಾಣುತ್ತದೆ. ಅಟ್ಟದ ಮೇಲಿಂದ ನೇರ ಕೆಳಗೆ ನೋಡಿದರೆ ಅಂಚು ನಮಗೆ ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ನಕ್ಷತ್ರದ ಅಕ್ಷವೂ ಹಾಗೆಯೇ ನೇರವಾಗಿ ನಮ್ಮ ಕಡೆಗೆ ತಿರುಗಿದ್ದರೆ ಅದು ಎಷ್ಟೇ ರಭಸದಿಂದ ಸುತ್ತಿದರೂ ಗೆರೆ ಸಪುರವಾಗಿಯೇ ಇರುತ್ತದೆ. ಆದುದರಿಂದ ಗೆರೆಯ ಅಗಲ ಕೊಡುವುದು ವೇಗದ ಕನಿಷ್ಠ ಪ್ರಮಾಣವನ್ನು. ವೇಗ ಇದಕ್ಕಿಂತ ಕಡಮೆಯಿರಲಾರದು ಎನ್ನಬಹುದು, ಹೆಚ್ಚಿರಲಾರದು ಎನ್ನುವಂತಿಲ್ಲ.

ಇಪ್ಪತ್ತೇಳು ನಕ್ಷತ್ರಗಳ ಜತೆಗೆ ಕೆಲವೊಮ್ಮೆ ಇಪ್ಪತ್ತೆಂಟನೆಯದಾಗಿ ಎಣಿಸುವ ಅಭಿಜಿತ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಗೆರೆಗಳು ಸಪುರ. ಅವುಗಳಿಂದ ದೊರೆಯುವ ವೇಗ ಸೆಕೆಂಡಿಗೆ 22 ಕಿಲೋಮೀಟರಿನ ಆಸುಪಾಸು. ತನ್ನ ಜಾತಿಯಲ್ಲಿ ಅದು ನಿಧಾನಗತಿಯದೆಂದು ಬಹುಕಾಲ ನಂಬಿದ್ದರು. ಆದರೆ ಬಹಳ ಸೂಕ್ಷ್ಮವಾಗಿ ನೋಡಿದಾಗ ಕೆಲವು ಕ್ಷೀಣವಾದ ಗೆರೆಗಳ ತಳ ಚೂಪಾಗಿರದೆ ಚಪ್ಪಟೆಯಾಗಿರುವುದು 1990ರ ದಶಕದಲ್ಲಿ ಬೆಳಕಿಗೆ ಬಂದಿತು. ಧ್ರುವ ಬಿಸಿಯಾಗಿ, ಉಬ್ಬಿದ ಸಮಭಾಜಕ ಅದಕ್ಕಿಂತ ತಂಪಾಗಿರುವ ನಕ್ಷತ್ರವನ್ನು ಧ್ರುವದ ಕಡೆಯಿಂದ ನೋಡಿದಾಗ ಹೀಗಾಗುತ್ತದೆ. 2006ರಲ್ಲಿ ಅಮೆರಿಕದಲ್ಲಿ ನಡೆಸಿದ ವೀಕ್ಷಣೆಗಳು ಇದನ್ನು ದೃಢಪಡಿಸಿದವು. ಅಭಿಜಿತ್ತಿನ ಧ್ರುವ ಸಮಭಾಜಕಕ್ಕಿಂತ ಸಾವಿರ ಡಿಗ್ರಿಗೂ ಮಿಕ್ಕಿ ಬಿಸಿ. ಅದರ ನಿಜವಾದ ವೇಗ ಸೆಕೆಂಡಿಗೆ 200 ಕಿಲೋಮೀಟರಿಗೂ ಹೆಚ್ಚು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ ಎಂದು ತಾರ್ಕಿಕರು ಎಚ್ಚರಿಸುತ್ತಿದ್ದರು. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಅಭಿಜಿತ್ ಅಂಥ ಕಬ್ಬಿಣದ ಗುಂಡು.

ಒಂದು ನಕ್ಷತ್ರದ ಅಕ್ಷ ಎತ್ತ ಮುಖಮಾಡಿದೆಯೆಂಬುದು ಗೊತ್ತಾಗದಿದ್ದರೂ ನೂರಾರು ನಕ್ಷತ್ರಗಳನ್ನು ಒಟ್ಟಿಗೆ ತೆಗೆದುಕೊಂಡರೆ ಗಣಿತ ಸಹಾಯಕ್ಕೆ ಬರುತ್ತದೆ. ಅಕ್ಷಗಳು ಎಲ್ಲ ದಿಕ್ಕಿಗೂ ಸಮನಾಗಿ ಚೆದರಿದ್ದರೆ, ಗೆರೆಗಳಿಂದ ಸಿಗುವ ವೇಗಗಳ ಸರಾಸರಿ ನಿಜವಾದ ಸರಾಸರಿಯ ನೂರಕ್ಕೆ ಎಪ್ಪತ್ತೆಂಟರಷ್ಟಿರುತ್ತದೆ. ಕಂಡ ವೇಗಗಳ ಹಂಚಿಕೆಯಿಂದ ನಿಜವಾದ ವೇಗಗಳ ಹಂಚಿಕೆಯನ್ನು ತಿಳಿಯುವ ಗಣಿತವನ್ನು 1950ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು ಗೀಡೊ ಮುಂಚ್ ಎಂಬವರೊಡನೆ ಕೂಡಿ ರಚಿಸಿದರು.

ಹೀಗೆ ಅಳೆದಿಟ್ಟ ವೇಗಗಳನ್ನು ನಕ್ಷತ್ರಗಳ ಶಾಖದ ಕ್ರಮದಲ್ಲಿ ಜೋಡಿಸಿದಾಗ ಒಂದು ವಿಚಿತ್ರ ಕಂಡಿತು. ಬಿಳಿಯ, ನೀಲಿಯ, ಬಿಸಿಯಾದ ನಕ್ಷತ್ರಗಳಲ್ಲಿ ನೂರು ಇನ್ನೂರು ಕಿಲೋಮೀಟರು ವೇಗ ಸಾಧಾರಣ. ಶಾಖ ಕಡಮೆಯಾಗುತ್ತ ಬಂದು ಸೂರ್ಯನಿಗಿಂತ ತುಸು ಬಿಸಿಯಾದ ಒಂದು ಮಟ್ಟವನ್ನು ತಲಪುತ್ತಲೇ ವೇಗ ಥಟ್ಟನೆ ಕುಸಿಯುತ್ತದೆ. ಸೂರ್ಯನಂಥ ಹಳದಿ ನಕ್ಷತ್ರಗಳು ಬಹುಮಟ್ಟಿಗೆ ಮಂದಗತಿಯವು. ನಾವು ನೆನಪಿಟ್ಟುಕೊಂಡ ಎರಡು ಕಿಲೋಮೀಟರಿನ ಅರ್ಥ ಈಗ ತಿಳಿಯುತ್ತದೆ. ನಮ್ಮ ಸೂರ್ಯನ ಮಂದಗತಿ ಅವನೊಬ್ಬನದೇ ಅಲ್ಲ. ಅವನ ಜಾತಿಯ ಗುಣ. ಹಾಗಾದರೆ ಅವನ ವೇಗ ಎಲ್ಲಿ ಹೋಯಿತು?

1952ರಲ್ಲಿ ಸ್ಟ್ರೂವೆಯವರು ಒಂದು ಸಣ್ಣ ಲೇಖನದಲ್ಲಿ ಇದಕ್ಕೆ ಉತ್ತರ ಸೂಚಿಸಿದರು. ನಮ್ಮ ಸೌರಮಂಡಲದಲ್ಲಿ ಸುತ್ತುವ ಸತ್ತ್ವದ ಬಹುಪಾಲು ಇರುವುದು ಸೂರ್ಯನಲ್ಲಲ್ಲ, ಗ್ರಹಗಳಲ್ಲಿ, ಅದರಲ್ಲಿಯೂ ಗುರುವಿನಲ್ಲಿ. ಉಳಿದ ಹಳದಿ ನಕ್ಷತ್ರಗಳೂ ತಮ್ಮ ಭ್ರಮಣವನ್ನು ಗ್ರಹಗಳಿಗೆ ಒಪ್ಪಿಸಿ ತಾವು ನಿಧಾನವಾಗಿರಬಾರದೇಕೆ? ಹಾಗಿದ್ದರೆ ಆಕಾಶದಲ್ಲಿ ಗ್ರಹಗಳಿಗೆ ಬರವಿಲ್ಲ. ಅವನ್ನು ಹುಡುಕುವುದಕ್ಕೂ ನಕ್ಷತ್ರದ ಗೆರೆಗಳ ಅತಿ ಸೂಕ್ಷ್ಮವಾದ ಸರಿತವನ್ನೇ ನೋಡಬೇಕೆಂದು ಅವರು ಸಲಹೆ ಕೊಟ್ಟರು. 1995ರಲ್ಲಿ ಸ್ವಿಟ್ಜರ್‌ಲೆಂಡಿನ ಮೇಯರ್ ಮತ್ತು ಕೆಲೋ ಅವರು ಸೂರ್ಯನಂಥದೇ ಒಂದು ನಕ್ಷತ್ರಕ್ಕೆ ಗ್ರಹವಿರುವುದನ್ನು ಇದೇ ದಾರಿಯಲ್ಲಿ ಕಂಡುಹಿಡಿದರು. ಆ ಬಳಿಕ ಸಾವಿರಾರು ಗ್ರಹಗಳು ಪತ್ತೆಯಾಗಿವೆ. ಸ್ಟ್ರೂವೆಯವರು ಬದುಕಿದ್ದು 1963ರವರೆಗೆ. ಅವರಿಗೆ ಈ ವಾರ್ತೆಯನ್ನು ಕೇಳುವ ಭಾಗ್ಯವಿರಲಿಲ್ಲ.

ಆದರೆ ಗಮನಿಸಬೇಕಾದ ಮಾತೊಂದಿದೆ. ಗ್ರಹಗಳುಂಟೆಂಬ ನಿರ್ಣಯ ನಿಜವಾಯಿತು. ಅದಕ್ಕೆ ಕೊಟ್ಟ ಹೇತು ನಿಲ್ಲಲಿಲ್ಲ. ಹಳದಿ ನಕ್ಷತ್ರಗಳ ವೇಗವನ್ನು ಕುಂದಿಸುವುದು ಮುಖ್ಯವಾಗಿ ಗ್ರಹಗಳಲ್ಲ, ಅವುಗಳದೇ ಕಾಂತಶಕ್ತಿ ಎಂದು 1962ರಲ್ಲಿ ಫ್ರಾನ್ಸಿನ ಎವ್ರಿ ಶಾಟ್ಸ್‌ಮನ್ ತೋರಿಸಿಕೊಟ್ಟರು. ಇಂಥ ನಕ್ಷತ್ರಗಳ ಹೊರಪದರ ಕುದಿಯುವ ಅನ್ನದಂತೆ ಮೇಲೆ ಕೆಳಗೆ ಹೊರಳುತ್ತಿರುತ್ತದೆ. ಆ ಹೊರಳಾಟದಿಂದ ಕಾಂತಕ್ಷೇತ್ರ ಹುಟ್ಟುತ್ತದೆ. ನಕ್ಷತ್ರದ ಮೈಯಿಂದ ಸದಾ ಬೀಸಿಹೋಗುವ ಅನಿಲದ ಗಾಳಿ ಆ ಕ್ಷೇತ್ರಕ್ಕೆ ತಗುಲಿಕೊಂಡು ಬಹುದೂರದವರೆಗೆ ನಕ್ಷತ್ರದೊಡನೆಯೇ ಸುತ್ತುತ್ತದೆ. ತಿರುಗುವ ಕುರ್ಚಿಯಲ್ಲಿ ಕುಳಿತವನು ಕೈಗಳನ್ನು ಚಾಚಿದರೆ ವೇಗ ತಗ್ಗುವಂತೆ, ನಕ್ಷತ್ರವೂ ನಿಧಾನವಾಗಿ ವೇಗವನ್ನು ಕಳೆದುಕೊಳ್ಳುತ್ತದೆ. ಬಿಸಿಯಾದ ಬಿಳಿ ನಕ್ಷತ್ರಗಳಲ್ಲಿ ಇಂಥ ಹೊರಳುವ ಹೊರಪದರವಿಲ್ಲ. ಅವು ಹುಟ್ಟಿದಾಗಿನ ರಭಸವನ್ನು ಬಹುಪಾಲು ಉಳಿಸಿಕೊಂಡಿವೆ.

ವೇಗ ಕಾಲಕ್ರಮದಲ್ಲಿ ಕುಂದುವುದಾದರೆ ಅದರಿಂದ ವಯಸ್ಸನ್ನು ತಿಳಿಯಬಹುದಲ್ಲವೆ? 1972ರಲ್ಲಿ ಆಂಡ್ರೂ ಸ್ಕುಮಾನಿಚ್ ಎಂಬ ವಿದ್ವಾಂಸರು ಸುಮಾರು ಹತ್ತು ಹನ್ನೆರಡು ಕೋಟಿ ವರ್ಷ ವಯಸ್ಸಿನ ಕೃತ್ತಿಕೆಯ ಗುಂಪು, ರೋಹಿಣಿಯ ಸುತ್ತ ಕಾಣುವ, ಆರೇಳು ಹತ್ತು ಕೋಟಿ ವರ್ಷ ವಯಸ್ಸಿನ ಹಯಡೀಸ್ ಗುಂಪು, 460 ಕೋಟಿ ವರ್ಷದ ನಮ್ಮ ಸೂರ್ಯ ಇವುಗಳನ್ನು ಹೋಲಿಸಿ ಒಂದು ಸರಳ ಸೂತ್ರವನ್ನು ಕಂಡರು. ಸೂರ್ಯನಂಥ ನಕ್ಷತ್ರದ ವಯಸ್ಸು ನಾಲ್ಕರಷ್ಟಾದರೆ ವೇಗ ಅರ್ಧಕ್ಕಿಳಿಯುತ್ತದೆ. ಒಂಬತ್ತರಷ್ಟಾದರೆ ಮೂರನೆಯ ಒಂದಕ್ಕೆ. ಎಲ್ಲ ವಯಸ್ಸಿಗೂ ಈ ಸೂತ್ರ ಅಕ್ಷರಶಃ ಹೊಂದುವುದಿಲ್ಲವಾದರೂ, ನಕ್ಷತ್ರಗಳ ವಯಸ್ಸನ್ನು ಭ್ರಮಣದಿಂದ ಅಂದಾಜುಮಾಡುವ ಶಾಸ್ತ್ರಕ್ಕೆ ಇದೇ ಬುನಾದಿಯಾಯಿತು. ಹಸುವಿನ ಹಲ್ಲು ನೋಡಿ ಪ್ರಾಯ ಹೇಳುವ ರೈತನಂತೆ, ಖಗೋಳಶಾಸ್ತ್ರಜ್ಞನು ಸುತ್ತು ನೋಡಿ ನಕ್ಷತ್ರದ ಪ್ರಾಯ ಹೇಳುತ್ತಾನೆ.

ಗ್ರಹಣದ ವಿಧಾನವೂ ಮೂಲೆಗೆ ಬೀಳಲಿಲ್ಲ. ದೂರದ ನಕ್ಷತ್ರದ ಮುಂದೆ ಅದರ ಗ್ರಹ ಹಾಯುವಾಗ ಗೆರೆಗಳಲ್ಲಿ ಅದೇ ವಾಲಾಟ ಅತಿ ಸಣ್ಣ ಪ್ರಮಾಣದಲ್ಲಿ ಕಾಣುತ್ತದೆ. 2000ದಲ್ಲಿ ಇದನ್ನು ಮೊದಲು ಅಳೆದಾಗ, ಆ ಗ್ರಹ ತನ್ನ ನಕ್ಷತ್ರ ಭ್ರಮಿಸುವ ದಿಕ್ಕಿನಲ್ಲಿಯೇ ಸುತ್ತುವುದು ತಿಳಿಯಿತು. 2009ರಲ್ಲಿ ವಿರುದ್ಧ ದಿಕ್ಕಿನಲ್ಲಿ ಸುತ್ತುವ ಗ್ರಹಗಳೂ ಕಂಡುಬಂದವು. ರಾಸಿಟರ್ ಮತ್ತು ಮೆಕ್‌ಲಾಫ್ಲಿನ್ ಅವರ ಹೆಸರು ಇಂದಿಗೂ ಈ ಪರಿಣಾಮಕ್ಕೆ ಅಂಟಿಕೊಂಡಿದೆ.

ಶ್ರಾವಣ ಭಾದ್ರಪದಗಳ ರಾತ್ರಿ, ಮೋಡ ಸರಿದಾಗ, ನೆತ್ತಿಯಿಂದ ಉತ್ತರಕ್ಕೆ ಅಭಿಜಿತ್ತೂ ಅದರ ಆಗ್ನೇಯಕ್ಕೆ ಶ್ರವಣವೂ ಮಿನುಗುತ್ತಿರುತ್ತವೆ. ಎರಡೂ ಬಿಳಿಯ ಬಿಂದುಗಳು. ಎರಡೂ ಸೆಕೆಂಡಿಗೆ ಇನ್ನೂರು ಕಿಲೋಮೀಟರಿಗೆ ಮೇಲ್ಪಟ್ಟು ಸುತ್ತುತ್ತಿವೆ. ಒಂದು ತನ್ನ ಪಕ್ಕವನ್ನು ತೋರಿಸಿ ವೇಗವನ್ನು ಗೆರೆಯಲ್ಲಿ ಬರೆದುಕೊಡುತ್ತದೆ. ಇನ್ನೊಂದು ನೆತ್ತಿಯನ್ನು ತೋರಿಸಿ ಮರೆಮಾಚುತ್ತದೆ. ಮನುಷ್ಯನು ಎರಡನ್ನೂ ಓದಿ ತಿಳಿದುಕೊಂಡಿದ್ದಾನೆ. ಆತುರದ ನಂಬಿಕೆಯಿಂದ ಇದು ಸಾಧ್ಯವಾಗಲಿಲ್ಲ. ಕಂಡದ್ದು ಹೊಗೆಯೋ ಮಂಜೋ ಎಂದು ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ತಾಳ್ಮೆಯಿಂದ ಪರೀಕ್ಷಿಸಿದ್ದರಿಂದ ಸಾಧ್ಯವಾಯಿತು.